ಕೀಲೆಣ್ಣೆಯಿಂದ ಕೆಂಪೆಣ್ಣೆಗೆ: ನಮ್ಮ ಗಾಡಿಗಳು ಕುಡಿದ ಎಣ್ಣೆಯ ಕಥೆ

ಹೋದ ಹಂಗಾಮಿನಲ್ಲಿ ನಮ್ಮ ಕಾಕಾನ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಅಫಜಲಪುರ ಕಡೆಯ ಒಂದು ಇಳಿಜಾರಿನಲ್ಲಿ ಬರುತ್ತಿತ್ತು. ಡ್ರೈವರ್ ಬ್ರೇಕ್ ತುಳಿದ. ಬ್ರೇಕು ಕಿರ್ರೆಂದು ಕೂಗಿತೇ ಹೊರತು ಹಿಡಿಯಲಿಲ್ಲ. ಹಿಂದಿನ ಭಾರ ಮುಂದಕ್ಕೆ ನೂಕಿತು, ಟ್ರ್ಯಾಕ್ಟರ್ ಅಡ್ಡ ತಿರುಗಿ ರಸ್ತೆ ಬದಿಯ ತಗ್ಗಿಗೆ ಇಳಿಯಿತು. ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ. ಡ್ರೈವರನ ಮುಂಗೈ ಮುರಿಯಿತು.

ಎರಡು ದಿನದ ಮೇಲೆ ಮಿಸ್ತ್ರಿ ಹೌಸಿಂಗ್ ಬಿಚ್ಚಿ, ಎಣ್ಣೆಯನ್ನು ಬೆರಳಿಗೆ ಹಚ್ಚಿ, ಮೂಸಿ ನೋಡಿ ಹೇಳಿದ: "ಎಣ್ಣಿ ಬ್ಯಾರೆ ಹಾಕ್ಯಾರ್ರಿ. ಇದು ಆಯಿಲ್ ಬ್ರೇಕಿನ ಎಣ್ಣಿ ಅಲ್ಲ."

ಕಾಕಾ ಕೇಳಿದ ಮಾತು ನನಗೆ ಇನ್ನೂ ನೆನಪದೆ. "ಎಣ್ಣಿ ಎಣ್ಣಿನೇ ಅಲ್ಲೇನೋ? ಜಾರ್ತದ, ಆತು."

ಅದೇ ವಾರ ಆಳಂದ ತಾಲ್ಲೂಕಿನ ಒಬ್ಬ ಹುಡುಗ ನನಗೆ ಮೆಸೇಜ್ ಮಾಡಿದ್ದ. ಪುಣೆಯಿಂದ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ತಂದಿದ್ದಾನೆ, ಇಂಜಿನ್ ರೀಮ್ಯಾಪ್ ಮಾಡಿಸಿ ಪವರ್ ಏರಿಸಿದ್ದಾನೆ. "ಅಣ್ಣಾ, ಗೇರ್ ಬಾಕ್ಸಿಗೆ ಯಾವ ಎಣ್ಣಿ ಹಾಕ್ಲಿ? ಒಬ್ಬರು ಕೆಂಪು ಎಣ್ಣಿ ಅಂತಾರ, ಒಬ್ಬರು ದಪ್ಪ ಎಣ್ಣಿ ಅಂತಾರ." ಕಾಕಾನ ಪ್ರಶ್ನೆ ಮತ್ತು ಈ ಹುಡುಗನ ಪ್ರಶ್ನೆ ಎರಡೂ ಒಂದೇ ಎಂದು ನನಗೆ ಆಗ ಹೊಳೆಯಲಿಲ್ಲ. ಇದರ ಬೆನ್ನು ಹತ್ತಿದಾಗ ಕಥೆ ಎತ್ತಿನ ಗಾಡಿಯವರೆಗೂ ಹೋಯಿತು.

ನಮ್ಮ ಕಡೆ ಮೊದಲ ಗಾಡಿ ಎಣ್ಣೆ ಎಂದರೆ ಕೀಲೆಣ್ಣೆ. ಔಡಲ ಬೀಜದ ಎಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ, ಕೋಡಿನ ಅಥವಾ ಬಿದಿರಿನ ಕೊಳವೆಯಲ್ಲಿ ತುಂಬಿ ಗಾಡಿಗೆ ತೂಗುಹಾಕುತ್ತಿದ್ದರು. ದೂರದ ದಾರಿ ಹೊರಟರೆ ನಡುವೆ ನಿಲ್ಲಿಸಿ, ಗಾಲಿ ಸರಿಸಿ, ಕಡ್ಡಿಗೆ ಬಟ್ಟೆ ಸುತ್ತಿ ಅಚ್ಚಿಗೆ ಸವರುವುದು. ಗಾಣಗಾಪುರದ ದತ್ತನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದ ಕಥೆ ಹೇಳುವ ಮುದುಕರು ಈಗಲೂ ಆ ವಾಸನೆ ನೆನೆಯುತ್ತಾರೆ. ಬಟ್ಟೆಗೆ ಹತ್ತಿದರೆ ಎಷ್ಟು ಒಗೆದರೂ ಹೋಗದ ಕಲೆ ಅದು.

ಔಡಲೆಣ್ಣೆಯೇ ಯಾಕೆ? ಮನೆಯಲ್ಲಿ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಇರುತ್ತಿತ್ತಲ್ಲ? ಒಂದು ಕಾರಣ, ಔಡಲೆಣ್ಣೆ ಬಹಳ ದಪ್ಪ, ಬಿಸಿಲಿಗೆ ಬೇಗ ನೀರಾಗುವುದಿಲ್ಲ. ಇನ್ನೊಂದು ಮುಖ್ಯ ಕಾರಣ, ಅದರ ಅಣುವಿನ ಒಂದು ಭಾಗಕ್ಕೆ ಲೋಹ ಕಂಡರೆ ಅಂಟಿಕೊಳ್ಳುವ ಗುಣ. ಒತ್ತಡ ಬಿದ್ದಾಗ ಬೇರೆ ಎಣ್ಣೆ ಸರಿದು ಹೋಗುವ ಜಾಗದಲ್ಲೂ ಇದರ ತೆಳು ಪೊರೆ ಉಳಿಯುತ್ತದೆ. ನಮ್ಮ ಹಿರಿಯರಿಗೆ ಅಣು ಗೊತ್ತಿರಲಿಲ್ಲ. ಯಾವ ಎಣ್ಣೆ ಹಾಕಿದರೆ ಅಚ್ಚು ಸವೆಯುವುದಿಲ್ಲ ಎಂಬುದು ಗೊತ್ತಿತ್ತು. "ಎಣ್ಣಿ ಎಣ್ಣಿನೇ" ಎಂದು ಅವರು ಯಾರೂ ಹೇಳಲಿಲ್ಲ.

ಈ ಔಡಲೆಣ್ಣೆ ವಿಮಾನವನ್ನೂ ಹಾರಿಸಿದೆ ಎಂದರೆ ನಂಬಬೇಕು. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್‌ಗಳಿಗೆ ಇದನ್ನೇ ಹಾಕುತ್ತಿದ್ದರು. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಶುರುಮಾಡಿದ ಕಂಪನಿ 1909ರಲ್ಲಿ ಹೊಸ ಎಣ್ಣೆ ತಂದಾಗ ಅದಕ್ಕೆ ಔಡಲೆಣ್ಣೆ ಬೆರೆಸಿ, ಔಡಲದ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ ಕ್ಯಾಸ್ಟ್ರಾಲ್ ಎಂಬ ಹೆಸರು ಕಟ್ಟಿತು. ನಮ್ಮೂರ ಕಿರಾಣಿ ಅಂಗಡಿ ಪಕ್ಕದ ಗ್ಯಾರೇಜಿನ ಬೋರ್ಡಿನ ಮೇಲಿರುವ ಆ ಹೆಸರಿನ ಹೊಟ್ಟೆಯಲ್ಲಿ ನಮ್ಮ ಹೊಲದ ಬದುವಿನ ಔಡಲ ಗಿಡ ಇದೆ.

ಮುಂದೆ ಗಾಡಿಗೆ ಟಯರ್ ಬಂತು. ಡನ್ಲಪ್ ಗಾಡಿ ಎಂದರು. ಮರದ ಗುಂಬದ ಜಾಗಕ್ಕೆ ಬೇರಿಂಗ್, ಕೀಲೆಣ್ಣೆ ಜಾಗಕ್ಕೆ ಗ್ರೀಸ್. ಅಷ್ಟರಲ್ಲಿ ಮೋಟಾರೂ ಬಂದಿತ್ತು. ನಮ್ಮ ಜಿಲ್ಲೆ ಆಗ ನಿಜಾಮರ ಸಂಸ್ಥಾನದಲ್ಲಿತ್ತು. ನಿಜಾಮರ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳಿಂದ ಸಾರಿಗೆ ಆರಂಭಿಸಿತು. ಗೇರ್ ಬಾಕ್ಸ್ ಎಂಬ ಪೆಟ್ಟಿಗೆ ಮತ್ತು ಅದಕ್ಕೊಂದು ಬೇರೆ ಎಣ್ಣೆ ಎಂಬ ಲೆಕ್ಕ ಈ ಸೀಮೆಗೆ ಬಂದದ್ದು ಇಂಥ ಬಸ್ಸು, ಲಾರಿಗಳ ಜೊತೆಗೆ. ಬರ್ಮಾ ಶೆಲ್, ಎಸ್ಸೊ, ಕ್ಯಾಲ್ಟೆಕ್ಸ್ ಡಬ್ಬಿಗಳು ಬಂದವು. ಖಾಲಿ ಡಬ್ಬಿಯಲ್ಲಿ ಜೋಳ ತುಂಬಿಟ್ಟರು. 1970ರ ದಶಕದಲ್ಲಿ ಆ ಕಂಪನಿಗಳು ರಾಷ್ಟ್ರೀಕರಣವಾಗಿ ಎಚ್‌ಪಿ, ಭಾರತ್ ಪೆಟ್ರೋಲಿಯಂ ಆದವು. ಡಬ್ಬಿಯ ಬಣ್ಣ ಬದಲಾಯಿತು, ಜೋಳ ತುಂಬುವುದು ನಿಲ್ಲಲಿಲ್ಲ.

ಆಗಿನ ಲೆಕ್ಕ ಸರಳವಿತ್ತು. ಇಂಜಿನ್‌ಗೆ ಒಂದು, ಗೇರಿಗೆ "90 ನಂಬರ್", ಬೇರಿಂಗಿಗೆ ಗ್ರೀಸ್. ಈ ಮೂರರಲ್ಲೇ ಎರಡು ತಲೆಮಾರಿನ ಮಿಸ್ತ್ರಿಗಳು ಬದುಕು ಕಳೆದರು. ನಮ್ಮ ಮನಸ್ಸಿನಲ್ಲಿ ಇವತ್ತಿಗೂ ಕೂತಿರುವುದು ಆ ಲೆಕ್ಕವೇ. ತೊಂದರೆ ಇರುವುದೂ ಅಲ್ಲೇ.

ಟ್ರ್ಯಾಕ್ಟರ್ ಈ ಲೆಕ್ಕ ಕೆಡಿಸಿತು. ಹ್ಯಾರಿ ಫರ್ಗ್ಯುಸನ್ ಎಂಬಾತ 1930ರ ದಶಕದಲ್ಲಿ ನೇಗಿಲನ್ನು ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಲಿಫ್ಟ್ ಮಾಡಿದ. ಆತನ ಟ್ರ್ಯಾಕ್ಟರಿನಲ್ಲಿ ಲಿಫ್ಟಿಗೂ ಗೇರಿಗೂ ಒಂದೇ ಎಣ್ಣೆ. ಹಲ್ಲುಗಳ ನಡುವೆ ನುಗ್ಗುವ ಎಣ್ಣೆಯೇ ಪಂಪಿನಲ್ಲಿ ಹೋಗಿ ನೇಗಿಲು ಎತ್ತಬೇಕು. ಗೇರಿಗೆ ದಪ್ಪ ಬೇಕು, ಪಂಪಿಗೆ ತೆಳು ಬೇಕು. ಒಂದು ಎಣ್ಣೆಗೆ ಎರಡು ಕೆಲಸ ಬಿದ್ದದ್ದು ಹೀಗೆ.

ನಮ್ಮ ದೇಶದಲ್ಲಿ ಟ್ರ್ಯಾಕ್ಟರ್ ತಯಾರಿಕೆ 1960ರ ಆಸುಪಾಸಿನಲ್ಲಿ ಶುರುವಾಯಿತು. ಐಷರ್, ಟಾಫೆ, ಎಸ್ಕಾರ್ಟ್ಸ್, ಮಹೀಂದ್ರಾ ಒಂದರ ಹಿಂದೆ ಒಂದು ಬಂದವು. ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಜೆಟರ್ ಕಂಪನಿಯ ಸಹಯೋಗದಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡತೊಡಗಿತು. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚುವ ತೀರ್ಮಾನವಾಗಿದ್ದು 2016ರಲ್ಲಿ. ಆದರೆ ನಮ್ಮ ಕಡೆ ಇನ್ನೂ ಅದನ್ನು ಬಿಡದ ಜನ ಇದ್ದಾರೆ, ಮಾರು ಎಂದರೆ ಜಗಳಕ್ಕೆ ಬರುತ್ತಾರೆ. ಆ ಹಳೆಯ ಯಂತ್ರಗಳ ಬ್ರೇಕು ಬಹುಪಾಲು ಒಣ ಬ್ರೇಕು. ಮಣ್ಣು, ಕೆಸರು ಹೊಕ್ಕರೆ ಬೇಗ ಸವೆಯುತ್ತಿತ್ತು. ಎಣ್ಣೆ ಸೋರಿ ಒಳಗೆ ಹೋದರೆ ಜಾರುತ್ತಿತ್ತು. ಆದರೆ ಗೇರಿಗೆ ಯಾವ ಎಣ್ಣೆ ಹಾಕಿದರೂ ಬ್ರೇಕಿಗೆ ಅದರ ಸಂಬಂಧ ಇರಲಿಲ್ಲ.

2000ರ ಆಚೆ ಈಚೆ ಆಯಿಲ್ ಬ್ರೇಕು ಹೆಚ್ಚಿತು. ಬ್ರೇಕಿನ ತಟ್ಟೆಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಮಣ್ಣು ಹೋಗುವುದಿಲ್ಲ, ಬೇಗ ಕಾಯುವುದಿಲ್ಲ, ವರ್ಷಾನುಗಟ್ಟಲೆ ಬಾಳುತ್ತದೆ. ಈಗ ಒಂದೇ ಎಣ್ಣೆಗೆ ಮೂರು ಕೆಲಸ. ಗೇರಿನ ಹಲ್ಲು ಕಾಯಬೇಕು, ಲಿಫ್ಟ್ ಎತ್ತಬೇಕು, ಬ್ರೇಕಿನ ತಟ್ಟೆ ಹಿಡಿಯುವಂತೆ ಮಾಡಬೇಕು. ಜಾರಿಸುವುದು ಎಣ್ಣೆಯ ಧರ್ಮ. ಇಲ್ಲಿ ಅದೇ ಎಣ್ಣೆ ಒಂದು ಕಡೆ ಜಾರಿಸಿ ಇನ್ನೊಂದು ಕಡೆ ಹಿಡಿಸಬೇಕು. ಕಾಕಾ ತಪ್ಪಿದ್ದು ಇಲ್ಲಿ. ತಪ್ಪು ಅವನೊಬ್ಬನದಲ್ಲ, ಕಡಿಮೆ ರೇಟಿಗೆ ಬಕೆಟ್ ಕೊಟ್ಟು "ಎರಡೂ ಒಂದೇ ರಿ" ಎಂದವನದೂ ಹೌದು.

ಇದೇ ಒಗಟನ್ನು ಕಾರಿನವರು ನಮಗಿಂತ ಬಹಳ ಮೊದಲು ಎದುರಿಸಿದ್ದರು. ಅಮೆರಿಕದ ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ಹೈಡ್ರಾಮ್ಯಾಟಿಕ್ ಎಂಬ ತಾನೇ ಬದಲಾಗುವ ಗೇರ್ ಕೂಡಿಸಿತು. ಕ್ಲಚ್ ಪೆಡಲ್ ಇಲ್ಲ. ಒಳಗೆ ಎಣ್ಣೆಯಲ್ಲಿ ಮುಳುಗಿದ ಪಟ್ಟಿಗಳು, ತಟ್ಟೆಗಳು. ಎಣ್ಣೆಯ ಒತ್ತಡವೇ ಅವನ್ನು ಒತ್ತಿ ಗೇರ್ ಬದಲಿಸಬೇಕು. ಇಂಜಿನ್ ಶಕ್ತಿ ಗಾಲಿಗೆ ದಾಟುವುದೂ ಎಣ್ಣೆಯ ಮೂಲಕ. ಮೊದಮೊದಲು ಇಂಜಿನ್ ಎಣ್ಣೆಯಂಥದ್ದನ್ನೇ ಹಾಕಿ ನೋಡಿದರು, ಸರಿಹೋಗಲಿಲ್ಲ. 1949ರಲ್ಲಿ ಈ ಪೆಟ್ಟಿಗೆಗೇ ಬೇರೆ ಎಣ್ಣೆಯ ನಿಯಮ ಬರೆದರು, ಟೈಪ್ ಎ ಎಂದು. ಅದರ ಮುಂದಿನ ತಲೆಮಾರೇ 1967ರಲ್ಲಿ ಬಂದ ಡೆಕ್ಸ್‌ರಾನ್. ನಾವು ಗ್ಯಾರೇಜಿನಲ್ಲಿ ಎಟಿಎಫ್ ಎನ್ನುವುದು ಈ ಮನೆತನದ ಎಣ್ಣೆಯನ್ನೇ.

ಕೆಂಪು ಬಣ್ಣ? ಅದು ಬರೀ ಬಣ್ಣ. ಕಾರಿನ ಕೆಳಗೆ ಎಣ್ಣೆ ಸೋರಿದರೆ ಇಂಜಿನದೋ ಗೇರಿನದೋ ಗೊತ್ತಾಗಲಿ ಎಂದು ಬೆರೆಸಿದ್ದು. ಕೆಂಪಗಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ, ಕುಂಕುಮವೂ ಕೆಂಪು ಖಾರದಪುಡಿಯೂ ಕೆಂಪು. ನಮ್ಮ ಕಡೆ ಈ ಕೆಂಪೆಣ್ಣೆ ಕಾರಿನ ಗೇರಿಗಿಂತ ಮೊದಲು ಪವರ್ ಸ್ಟೇರಿಂಗಿಗೆ ಬಂತು. ಜೀಪು, ಗೂಡ್ಸ್ ಗಾಡಿಗಳ ಸ್ಟೇರಿಂಗ್ ಡಬ್ಬಿಗೆ ಮಿಸ್ತ್ರಿಗಳು ಹಾಕಿದ್ದು ಅದನ್ನೇ. ಹಾಗಾಗಿ ಆಳಂದದಿಂದ ಜೇವರ್ಗಿಯವರೆಗೆ ಯಾವ ಬಿಡಿಭಾಗದ ಅಂಗಡಿಗೆ ಹೋಗಿ ಎಟಿಎಫ್ ಕೇಳಿದರೂ "ಪವರ್ ಸ್ಟೇರಿಂಗ್ ಆಯಿಲ್ ಏನ್ರೀ?" ಎಂದೇ ಕೇಳುತ್ತಾರೆ.

ಇನ್ನು ಈ ಕಥೆಯಲ್ಲಿ ನನ್ನನ್ನು ಬೆರಗುಗೊಳಿಸಿದ ಭಾಗ. ಎಣ್ಣೆಯಲ್ಲಿ ಮುಳುಗಿದ ತಟ್ಟೆಗಳು ಜರ್ಕ್ ಹೊಡೆಯದೆ ನಯವಾಗಿ ಹಿಡಿಯಬೇಕಾದರೆ ಎಣ್ಣೆಗೆ ಒಂದು ವಿಶೇಷ ವಸ್ತು ಬೆರೆಸಬೇಕು. ಲೋಹಕ್ಕೆ ಅಂಟುವ, ಕಾವಿಗೆ ಸುಡದ, ತೆಳು ಪೊರೆ ಕಟ್ಟುವ ವಸ್ತು. ನಮ್ಮ ಔಡಲೆಣ್ಣೆಯ ಗುಣವೇ, ಆದರೆ ಇನ್ನೂ ಗಟ್ಟಿ. ಆ ಕಾಲಕ್ಕೆ ಅವರಿಗೆ ಸಿಕ್ಕ ಅತ್ಯುತ್ತಮ ವಸ್ತು ಸ್ಪರ್ಮ್ ವೇಲ್ ಎಂಬ ದೊಡ್ಡ ತಿಮಿಂಗಿಲದ ಎಣ್ಣೆ. ಅಮೆರಿಕದ ಕಾರುಗಳು ಗೇರ್ ಬದಲಿಸಲು ಸಮುದ್ರದ ತಿಮಿಂಗಿಲ ಸಾಯಬೇಕಿತ್ತು! ಕಾರು ಮಾತ್ರವಲ್ಲ, ಜಾನ್ ಡೀರ್ ಟ್ರ್ಯಾಕ್ಟರಿನ 303 ಎಂಬ ಹೆಸರಿನ ಎಣ್ಣೆಯಲ್ಲೂ ಅದೇ ಇತ್ತು.

ತಿಮಿಂಗಿಲ ಅಳಿವಿನ ಅಂಚಿಗೆ ಬಂತು. ಅಮೆರಿಕ 1970ರಲ್ಲಿ ಅದನ್ನು ಅಪಾಯದ ಪಟ್ಟಿಗೆ ಸೇರಿಸಿತು, 1973ರಲ್ಲಿ ಕಟ್ಟುನಿಟ್ಟಿನ ಕಾಯ್ದೆ ತಂದಿತು. ಎಣ್ಣೆ ಕಂಪನಿಗಳು ಹೊಸ ರಾಸಾಯನಿಕ ಹುಡುಕಬೇಕಾಯಿತು. ಆ ಪರದಾಟದಲ್ಲಿ ಎಷ್ಟೋ ಗೇರ್ ಬಾಕ್ಸುಗಳು ಕೆಟ್ಟವು, ಪೈಪು ತುಕ್ಕು ತಿಂದವು. ನಿಧಾನವಾಗಿ ಸರಿಹೋಯಿತು. ಜಾನ್ ಡೀರ್ ಕಂಪನಿಯೂ 303 ಬಿಟ್ಟು ಹೊಸ ಎಣ್ಣೆಗೆ ಹೋಯಿತು.

ಆದರೆ 303 ಎಂಬ ಹೆಸರು ಸಾಯಲಿಲ್ಲ. ಕಂಪನಿ ಬಿಟ್ಟು 40 ವರ್ಷ ಕಳೆದ ಮೇಲೂ ಅಮೆರಿಕದ ಅಂಗಡಿಗಳಲ್ಲಿ ಬಕೆಟ್ ಮೇಲೆ 303 ಎಂದು ಬರೆದು ಅಗ್ಗದ ಎಣ್ಣೆ ಮಾರುತ್ತಿದ್ದರು. ಯಾವ ನಿಯಮವೂ ಇಲ್ಲದ ಹೆಸರು, ಒಳಗೆ ಏನಿದ್ದರೂ ನಡೆಯುತ್ತದೆ. ಕೊನೆಗೆ ಮಿಸೌರಿ ರಾಜ್ಯದ ಕೃಷಿ ಇಲಾಖೆ 2017ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು, ರೈತರು ಕೋರ್ಟಿಗೆ ಹೋದರು. ಇದನ್ನು ಓದಿದಾಗ ನನಗೆ ಕಾಕಾನ ಹಳದಿ ಬಕೆಟ್ ನೆನಪಾಯಿತು. ಅದರ ಮೇಲೆ ಟ್ರ್ಯಾಕ್ಟರಿನ ಚಿತ್ರ ದೊಡ್ಡದಾಗಿತ್ತು. ಯಾವ ಕಂಪನಿಯ ಯಾವ ನಿಯಮಕ್ಕೆ ಈ ಎಣ್ಣೆ ಸರಿಹೊಂದುತ್ತದೆ ಎಂಬ ಒಂದು ಸಾಲೂ ಇರಲಿಲ್ಲ.

ಈಗ ಆಳಂದದ ಹುಡುಗನ ಕಾರಿಗೆ ಬರೋಣ. ಪವರ್ ಏರಿಸಿದ ಕಾರಿಗೆ ಬೇರೆ ಎಣ್ಣೆ ಹಾಕುವ ಚಾಳಿ ಹಳೆಯದು. 1960ರ ದಶಕದಲ್ಲಿ ಫೋರ್ಡ್ ಕಂಪನಿ ತನ್ನ ಗೇರುಗಳಿಗೆ ಟೈಪ್ ಎಫ್ ಎಂಬ ಎಣ್ಣೆ ಇಟ್ಟುಕೊಂಡಿತ್ತು. ಅದರಲ್ಲಿ ಆ ನಯಗೊಳಿಸುವ ವಸ್ತು ಇರಲಿಲ್ಲ. ತಟ್ಟೆಗಳು ಟಕ್ ಎಂದು ಹಿಡಿಯುತ್ತಿದ್ದವು. ರೇಸಿನ ಹುಡುಗರು ಅದನ್ನು ಬೇರೆ ಕಂಪನಿಯ ಗೇರಿಗೂ ಸುರಿದರು. ತಟ್ಟೆ ಜಾರುವುದು ಕಡಿಮೆ, ಗೇರ್ ಗಟ್ಟಿಯಾಗಿ ಬೀಳುತ್ತದೆ, ಸೀಟಿನಲ್ಲಿ ಕೂತವನಿಗೆ ಬೆನ್ನಿಗೆ ಗುದ್ದಿದ ಹಾಗೆ. ಆ ಕಾಲದ ಒರಟು ಯಂತ್ರಕ್ಕೆ ಅದು ನಡೆಯಿತು. ಇವತ್ತಿನ ಆಟೋಮ್ಯಾಟಿಕ್‌ನಲ್ಲಿ ಕಂಪ್ಯೂಟರ್ ಒಂದು ಕ್ಲಚ್ಚನ್ನು ಬೇಕೆಂದೇ ಸ್ವಲ್ಪ ಸ್ವಲ್ಪ ಜಾರಿಸುತ್ತ ಓಡಿಸುತ್ತದೆ. ಎಷ್ಟು ಜಾರಬೇಕು ಎಂಬ ಲೆಕ್ಕ ಆ ಕಾರಿಗೆ ಹೇಳಿದ ಎಣ್ಣೆಯ ಮೇಲೆಯೇ ನಿಂತಿದೆ. ಎಣ್ಣೆ ಬದಲಿಸಿದರೆ ಲೆಕ್ಕ ತಪ್ಪಿ ಕಾರು ಕಲ್ಲುರಸ್ತೆಯ ಮೇಲೆ ಓಡಿದಂತೆ ಗಡಗಡ ನಡುಗುತ್ತದೆ. ಹಳೆಯ ಕಥೆ ಕೇಳಿ ಹೊಸ ಕಾರಿಗೆ ಮದ್ದು ಹಾಕಬಾರದು ಎನ್ನುವುದು ಇದಕ್ಕೇ.

ದಪ್ಪ ಎಣ್ಣೆಯ ಸಲಹೆಯೂ ಹಾಗೆಯೇ. ಈಗಿನ ಗೇರ್ ಬಾಕ್ಸಿನ ಎಣ್ಣೆದಾರಿಗಳು ಸಣ್ಣ. ದಪ್ಪ ಎಣ್ಣೆ ಬೇಗ ಹರಿಯದೆ ಒತ್ತಡ ತಡವಾಗಿ ತಲುಪುತ್ತದೆ. ಪವರ್ ಏರಿಸಿದ ಕಾರಿನ ನಿಜವಾದ ವೈರಿ ಕಾವು. ಎಣ್ಣೆಯ ಕಾವು ಪ್ರತಿ 10 ಡಿಗ್ರಿ ಏರಿದಂತೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು 42 ಡಿಗ್ರಿ ದಾಟುತ್ತದೆ. ಅಲ್ಲಿ ಪವರ್ ಏರಿಸಿದ ಇಂಜಿನ್ ಇಟ್ಟುಕೊಂಡು ಹೈವೇಯಲ್ಲಿ ಒತ್ತಿದರೆ, ಕಂಪನಿ ಹೇಳಿದ್ದಕ್ಕಿಂತ ಬೇಗ ಎಣ್ಣೆ ಬದಲಿಸಬೇಕು, ಆಗುವುದಾದರೆ ಎಣ್ಣೆ ತಣಿಸುವ ದೊಡ್ಡ ಕೂಲರ್ ಕೂಡಿಸಬೇಕು. ಎಣ್ಣೆ ಮಾತ್ರ ಕೈಪಿಡಿಯಲ್ಲಿ ಬರೆದ ನಿಯಮದ್ದೇ ಇರಬೇಕು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ತಟ್ಟೆಗಳು ಆಗಲೇ ಸುಟ್ಟಿವೆ ಎಂದು ಅರ್ಥ, ಆಗ ಹೊಸ ಎಣ್ಣೆ ಹಾಕಿದರೂ ಅದು ಸತ್ತವನಿಗೆ ಸಲೈನ್ ಏರಿಸಿದ ಹಾಗೆ.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾವ ಆಟೋಮ್ಯಾಟಿಕ್? ನಮ್ಮ ರಸ್ತೆಗಳಲ್ಲಿ ಕ್ಲಚ್ ಪೆಡಲ್ ಇಲ್ಲದ ಸಣ್ಣ ಕಾರುಗಳು ಹೆಚ್ಚಿದ್ದು 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ. ಅದು ಎಎಂಟಿ. ಒಳಗಿರುವುದು ಸಾದಾ ಮ್ಯಾನುವಲ್ ಗೇರ್ ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಮನುಷ್ಯನ ಬದಲು ಒಂದು ಯಂತ್ರ ಮಾಡುತ್ತದೆ. ಅದರ ಗೇರಿಗೆ ಮ್ಯಾನುವಲ್ ಗೇರಿನ ಎಣ್ಣೆಯೇ ಬೇಕು. "ಆಟೋಮ್ಯಾಟಿಕ್ ಅದ" ಎಂದು ಕೇಳಿ ಕೆಂಪೆಣ್ಣೆ ಸುರಿದರೆ ತಪ್ಪು. ಉಕ್ಕಿನ ಪಟ್ಟಿ ಓಡುವ ಸಿವಿಟಿಗೆ ಅದರದ್ದೇ ಎಣ್ಣೆ, ಎರಡು ಕ್ಲಚ್ಚಿನ ಡಿಎಸ್‌ಜಿಗೆ ಅದರದ್ದೇ. ಹುಡುಗ ಕಾರಿನ ಹೆಸರು ಹೇಳಿದಾಗ ನೋಡಿದರೆ ಅವನದು ಎರಡು ಕ್ಲಚ್ಚಿನದು. ಅವನಿಗೆ ಹೇಳಿದ ಕೆಂಪು ಎಣ್ಣೆ, ದಪ್ಪ ಎಣ್ಣೆ ಎರಡೂ ಅದಕ್ಕೆ ಸಲ್ಲುವುದಿಲ್ಲ.

ರೀಮ್ಯಾಪ್ ಮಾಡಿಸಿದ ಹುಡುಗನನ್ನು ನೋಡಿ ನಗುವ ಹಿರಿಯರಿಗೆ ಒಂದು ಮಾತು. ನಮ್ಮ ಊರಿನ ನಿಜವಾದ ಮಾಡಿಫೈ ಗಾಡಿ ಟ್ರ್ಯಾಕ್ಟರ್. ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಹೊಗೆ ಕಾರಿಸುವುದು, ದೊಡ್ಡ ಟಯರ್ ಹಾಕಿಸುವುದು, ಜಾತ್ರೆಯಲ್ಲಿ ಟ್ರ್ಯಾಕ್ಟರ್ ಜಗ್ಗುವ ಪಂದ್ಯಕ್ಕೆ ಇಳಿಸುವುದು, ಎಲ್ಲವೂ ನಡೆದಿದೆ. ಪಂದ್ಯ ಹೋಗಲಿ, ಕಬ್ಬಿನ ಹಂಗಾಮೇ ದೊಡ್ಡ ಪಂದ್ಯ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ, ಜೇವರ್ಗಿ ಸೀಮೆಯ ಮಳ್ಳಿ, ಈ ಮೂರು ಕಾರ್ಖಾನೆಗಳ ದಾರಿಯಲ್ಲಿ ರಾತ್ರಿಯಿಡೀ ಜೋಡಿ ಟ್ರೇಲರುಗಳು ಓಡುತ್ತವೆ. ಬಹುಪಾಲು ಟ್ರೇಲರಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಅಷ್ಟೂ ಭಾರ ನಿಲ್ಲಬೇಕಾದದ್ದು ಟ್ರ್ಯಾಕ್ಟರಿನ ಎಣ್ಣೆಯಲ್ಲಿ ಮುಳುಗಿದ ನಾಲ್ಕಾರು ತಟ್ಟೆಗಳ ಮೇಲೆ. ಎದುರಿಗೆ ಲೈಟಿಲ್ಲದ ಬೈಕಿನಲ್ಲಿ ಬರುವವರು ನಾವೇ.

ಆಯಿಲ್ ಬ್ರೇಕಿನ ಟ್ರ್ಯಾಕ್ಟರಿಗೆ ಹಳೆಯ 90 ನಂಬರ್ ಹಾಕಿದರೆ ಲಿಫ್ಟ್ ನಿಧಾನ, ಬ್ರೇಕ್ ಕೂಗಾಟ. ಬರೀ ಹೈಡ್ರಾಲಿಕ್ ಎಣ್ಣೆ ಹಾಕಿದರೆ ಲಿಫ್ಟ್ ಚೆನ್ನಾಗಿ ಏಳುತ್ತದೆ, ಗೇರಿನ ಹಲ್ಲು ಸವೆಯುತ್ತದೆ, ಬ್ರೇಕಿನ ಭರವಸೆ ಇಲ್ಲ. ಕಾಕಾನ ಗಾಡಿಯಲ್ಲಿ ಇದ್ದದ್ದು ಇದು. ಬ್ರೇಕ್ ಕೂಗುವುದನ್ನು ಡ್ರೈವರ್ ಎರಡು ವಾರದಿಂದ ಹೇಳುತ್ತಿದ್ದನಂತೆ. "ಹೊಸ ಎಣ್ಣಿ ಅದ, ಹೊಂದ್ಕೋತದ" ಎಂದು ಸುಮ್ಮನಾದರು. ಕೂಗು ಎಂದರೆ ತಟ್ಟೆ ಒಮ್ಮೆ ಹಿಡಿದು ಒಮ್ಮೆ ಬಿಡುತ್ತಿದೆ ಎಂದು ಅರ್ಥ. ಅದು ತಾನಾಗಿ ಹೊಂದಿಕೊಳ್ಳುವುದಿಲ್ಲ.

ಇನ್ನೊಂದು ನಮ್ಮ ನದಿಯ ಕಾಟ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ದಂಡೆಯ ಊರುಗಳಿಗೆ ನುಗ್ಗಿದಾಗ ಸುದ್ದಿಗೆ ಹೋಗಿದ್ದೆ. ನೀರು ಇಳಿದ ಮೇಲೆ ಒಬ್ಬ ರೈತ ಟ್ರ್ಯಾಕ್ಟರಿನ ಕಡ್ಡಿ ಎಳೆದು ತೋರಿಸಿದ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಹೊಕ್ಕ ಎಣ್ಣೆ ಅದು. ಯಂತ್ರಕ್ಕೆ ತಕ್ಕಂತೆ 30ರಿಂದ 60 ಲೀಟರ್ ಹಿಡಿಸುವ ಪೆಟ್ಟಿಗೆ, ಪೂರ್ತಿ ಬದಲಿಸಲು ಸಾವಿರಾರು ರೂಪಾಯಿ ಬೇಕು. ಪರಿಹಾರದ ಪಟ್ಟಿಯಲ್ಲಿ ಬೆಳೆ ಇರುತ್ತದೆ, ಮನೆ ಇರುತ್ತದೆ, ಈ ಎಣ್ಣೆ ಇರುವುದಿಲ್ಲ. ಹಾಗೇ ಓಡಿಸಿದವರ ಬೇರಿಂಗ್ ಮುಂದಿನ ಹಂಗಾಮಿಗೆ ಕೂಗಿತು.

ಅಂಗಡಿಯಲ್ಲಿ ಬಕೆಟ್ ಹಿಡಿದಾಗ ಹಿಂಬದಿ ತಿರುಗಿಸಿ ನಿಮ್ಮ ಟ್ರ್ಯಾಕ್ಟರ್ ಕಂಪನಿಯ ನಿಯಮದ ಸಂಖ್ಯೆ ಅದರ ಮೇಲೆ ಇದೆಯೇ ನೋಡಿ. ಕೈಪಿಡಿ ಕಳೆದಿದ್ದರೆ ಷೋರೂಮಿನವರು ಮೊಬೈಲಿಗೆ ಕಳಿಸುತ್ತಾರೆ, ಕೇಳಬೇಕಷ್ಟೇ. ಬಿಲ್ ತೆಗೆದುಕೊಳ್ಳಿ. ನಮ್ಮ ಹತ್ತಿರ ಬಿಲ್ ಇರಲಿಲ್ಲ, ಆದ್ದರಿಂದ ಆ ಅಂಗಡಿಯವನ ಮುಂದೆ ನಿಂತಾಗ ನಮ್ಮ ಬಾಯಿಯೂ ಇರಲಿಲ್ಲ.

ಆಳಂದದ ಹುಡುಗ ಹೋದ ತಿಂಗಳು ಫೋನ್ ಮಾಡಿದ್ದ. ಕೈಪಿಡಿಯಲ್ಲಿದ್ದ ಎಣ್ಣೆಯನ್ನೇ ಹಾಕಿಸಿದ್ದಾನೆ, ಬೆಲೆ ಕೇಳಿ ತಲೆ ತಿರುಗಿತಂತೆ. ಕಾಕಾ ಕೈಪಿಡಿಯ ಎಣ್ಣೆ ಪುಟದ ಫೋಟೊ ಹೊಡೆಸಿ ಡ್ರೈವರನ ಮೊಬೈಲಿಗೆ ಕಳಿಸಿದ್ದಾನೆ. ಡ್ರೈವರನ ಕೈಯ ಪ್ಲಾಸ್ಟರ್ ಬಿಚ್ಚಿಯಾಗಿದೆ, ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಈ ಹಂಗಾಮಿಗೆ ಮತ್ತೆ ಅವನೇ ಟ್ರ್ಯಾಕ್ಟರ್ ಹತ್ತುತ್ತಾನಂತೆ. ಹತ್ತುವ ಮೊದಲು ಒಂದೇ ಶರತ್ತು ಹಾಕಿದ್ದಾನೆ: ಎಣ್ಣೆ ಹಾಕುವಾಗ ತಾನು ಎದುರಿಗೆ ನಿಂತಿರಬೇಕು.